ಬೀದರ್ ಕಡೆ ಅರ್ಧ ಎಕರೆ ಮಸಾರಿಯಲ್ಲಿ (ಕೆಂಪು ಮಣ್ಣಿನ ಹೊಲದಲ್ಲಿ) ಬಟಾಟಿ (ಆಲೂಗಡ್ಡೆ) ಹಚ್ಚಿದರೆ ಬೀಜ ಮಣ್ಣಿನಲ್ಲೇ ಕೊಳೆಯುತ್ತದೆ, ಯಾಕೆ?

ಹೆಚ್ಚಾಗಿ ಎರಡು ಕಾರಣ: ಹೋಳು ಮಾಡಿದ ಬೀಜದ ಗಡ್ಡೆಯನ್ನು ಅಂದೇ ಹಚ್ಚುವುದು, ಬಿಸಿ ಆರದ ನೆಲಕ್ಕೆ ಹಚ್ಚುವುದು. ಹಿಂಗಾರಿಗೆ ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನ ತನಕ, ಅಂದರೆ ದೀಪಾವಳಿ ಆಸುಪಾಸು, ಸರಿಯಾದ ಹೊತ್ತು. ರಾತ್ರಿ 20 ಡಿಗ್ರಿಗಿಂತ ಕೆಳಗಿಳಿದರೇ ಗಡ್ಡೆ ಚೆನ್ನಾಗಿ ಕಟ್ಟುವುದು. ತಡವಾದರೆ ಕೊನೆಗೆ ಬಿಸಿಲು ಹೊಡೆದು ಬರೀ ಗೋಲಿಯಂಥ ಗಡ್ಡೆ.

ಅರ್ಧ ಎಕರೆಗೆ 5ರಿಂದ 6 ಕ್ವಿಂಟಲ್ ಬೀಜ ಬೇಕು. ಕೋಳಿಮೊಟ್ಟೆ ಗಾತ್ರದ ಗಡ್ಡೆಯನ್ನು ಇಡಿಯಾಗಿಯೇ ಹಚ್ಚಿ; ಕೊಯ್ಯುವ ರಗಳೆಯೇ ಇಲ್ಲ. ದೊಡ್ಡದಿದ್ದರೆ ಉದ್ದಕ್ಕೆ ಸೀಳಿ, ಹೋಳಿಗೆ 2-3 ಕಣ್ಣು, ಸುಮಾರು 40 ಗ್ರಾಂ ತೂಕ ಇರಲಿ. ನೆರಳಲ್ಲಿ ಗೋಣಿತಟ್ಟಿನ ಮೇಲೆ ಒಂದೇ ಪದರವಾಗಿ ಹರಡಿ 2-3 ದಿನ ಬಿಡಿ. ಕೊಯ್ದ ಮುಖ ಬೆರಳಿಗೆ ಅಂಟದೆ ತೊಗಲಿನಂತೆ ಗಡುಸಾಗಬೇಕು. ಕೊಳೆ ಒಳಗೆ ಹೋಗದಂತೆ ತಡೆಯುವುದು ಆ ಪದರವೇ. ಬೂದಿ ಸವರುವ ಹಳೆಯ ರೂಢಿ ತಪ್ಪಲ್ಲ, ಹಸಿ ಹೀರುತ್ತದೆ. ಆದರೆ ಒಣಗಿಸುವುದಕ್ಕೆ ಅದು ಬದಲಿಯಲ್ಲ. ಕೊಯ್ದಾಗ ಒಳಗೆ ಕಂದು ಉಂಗುರ ಕಂಡರೆ ಅದು ಸೊರಗು ರೋಗ: ಆ ಗಡ್ಡೆ ಬಿಸಾಡಿ, ಚಾಕುವನ್ನು ಕುದಿಯುವ ನೀರಿನಲ್ಲಿ ಅದ್ದಿಯೇ ಮುಂದಿನ ಗಡ್ಡೆ ಕೊಯ್ಯಿರಿ.

ಸಾಲಿಗೆ ಸಾಲು 2 ಅಡಿ, ಗಡ್ಡೆಗೆ ಗಡ್ಡೆ ಒಂದು ಗೇಣು, ಆಳ 3 ಇಂಚು. ಮೊಳಕೆ ಮೇಲೆ ಬರುವ ತನಕ ನೀರು ನಿಲ್ಲಲು ಬಿಡಬೇಡಿ, ಹಸಿ ಇದ್ದರೆ ಸಾಕು. ಆಮೇಲೆ ಮಸಾರಿಗೆ 7-8 ದಿನಕ್ಕೊಮ್ಮೆ ಹಗುರ ನೀರು. 30-35ನೇ ದಿನ ಕಳೆ ತೆಗೆದು ಬುಡಕ್ಕೆ ಮಣ್ಣು ಏರಿಸಿ. ಬಿಸಿಲಿಗೆ ಬಿದ್ದ ಗಡ್ಡೆ ಹಸಿರಾಗಿ ಕಹಿಯಾಗುತ್ತದೆ. ಎರೆ (ಕಪ್ಪು ಮಣ್ಣಿನ) ಭೂಮಿಯವರಿಗೆ ಇನ್ನೊಂದು ಕಾಟ: ಒಣಗಿ ಬಿರುಕು ಬಿಟ್ಟಲ್ಲಿ ಗಡ್ಡೆ ಚಿಟ್ಟೆ ಇಳಿದು ಮೊಟ್ಟೆ ಇಡುತ್ತದೆ.