ಕ್ಯಾಲ್ಸಿಯಂ ಮಾತ್ರೆ ತಗೋತಾ ಇದೀನಿ, ಆದ್ರೂ ಯಾಕೆ ಹೀಗೆ? – ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಈ ಸಲ ಬಂದ ಪತ್ರ, ಮೆಸೇಜ್‌ಗಳಲ್ಲಿ ಮೂಳೆ, ಕ್ಯಾಲ್ಸಿಯಂ, ಬಿಸಿಲು ಅಂತ ಕೇಳಿದೋರೇ ಜಾಸ್ತಿ. ಅದಕ್ಕೆ ಬೇರೆ ಪ್ರಶ್ನೆ ಎಲ್ಲಾ ಮುಂದಿನ ಸಂಚಿಕೆಗೆ ಇಟ್ಟು ಇವನ್ನ ಒಟ್ಟಿಗೆ ತಗೊಂಡಿದೀನಿ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಬರೆದಿದಾರೆ, ಹಾಗಾಗಿ ಯಾರದ್ದೂ ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ (ಅರಸೀಕೆರೆ): ಮೇಡಂ, ನನಗೀಗ 53. ಮುಟ್ಟು ನಿಂತು ಮೂರು ವರ್ಷ ಆಯ್ತು. ಮೆಡಿಕಲ್ ಶಾಪಲ್ಲಿ ಕೇಳಿ ಕ್ಯಾಲ್ಸಿಯಂ ಮಾತ್ರೆ ತಗೋತಾ ಇದೀನಿ. ಬೆಳಿಗ್ಗೆ ಎದ್ದ ತಕ್ಷಣ ಥೈರಾಯ್ಡ್ ಮಾತ್ರೆ, ಅದರ ಜೊತೇಲೇ ಇದು, ರಕ್ತ ಕಮ್ಮಿ ಇದೆ ಅಂತ ಕೊಟ್ಟಿರೋ ಐರನ್ ಮಾತ್ರೆ, ಮೂರನ್ನೂ ಒಟ್ಟಿಗೇ ನುಂಗಿಬಿಡ್ತೀನಿ, ಆಮೇಲೆ ಮರ್ತು ಹೋಗುತ್ತೆ ಅಂತ. ಮಂಡಿ ನೋವು ಮಾತ್ರ ಹಾಗೇ ಇದೆ. ಬೇರೆ ಕಂಪನಿ ಮಾತ್ರೆ ಬರೆದುಕೊಡ್ತೀರಾ?

ಉತ್ತರ: ಕಂಪನಿ ಬದಲಾಯಿಸೋದು ಬೇಡಮ್ಮ, ಟೈಮ್ ಬದಲಾಯಿಸಿ. ಥೈರಾಯ್ಡ್ ಮಾತ್ರೆ ಜೊತೆ ಕ್ಯಾಲ್ಸಿಯಮ್ಮೋ ಐರನ್ನೋ ಹೋದ್ರೆ ಹೊಟ್ಟೇಲೇ ಒಂದಕ್ಕೊಂದು ಅಂಟ್ಕೊಂಡು ಥೈರಾಯ್ಡ್ ಮಾತ್ರೆ ರಕ್ತಕ್ಕೆ ಸೇರೋದೇ ಕಮ್ಮಿ ಆಗುತ್ತೆ. ಆಗ ಏನಾಗುತ್ತೆ, ಟಿಎಸ್‌ಎಚ್ ಟೆಸ್ಟ್ ಮಾಡಿಸ್ದಾಗ ಜಾಸ್ತಿ ಬರುತ್ತೆ (ಥೈರಾಯ್ಡ್ ಹಾರ್ಮೋನ್ ಕಮ್ಮಿ ಇದ್ರೆ ಇದು ಏರುತ್ತೆ), ಡಾಕ್ಟ್ರು ಡೋಸ್ ಏರಿಸ್ತಾರೆ, ನೀವು ಯಾವತ್ತೋ ಒಂದು ದಿನ ಕ್ಯಾಲ್ಸಿಯಂ ಬಿಟ್ಟುಬಿಡ್ತೀರ, ಆಗ ಆ ಏರಿಸಿದ ಡೋಸು ಪೂರ್ತಿ ಒಳಗೆ ಹೋಗುತ್ತೆ, ಮತ್ತೆ ಥೈರಾಯ್ಡ್ ಹಾರ್ಮೋನ್ ಅತಿಯಾದ್ರೆ ಅದೇ ಮೂಳೆಯನ್ನ ಕರಗಿಸುತ್ತೆ. ಮೂಳೆ ಗಟ್ಟಿಯಾಗ್ಲಿ ಅಂತ ಶುರು ಮಾಡಿದ್ದು ಎಲ್ಲಿಗೆ ಬಂದು ನಿಲ್ಲುತ್ತೆ ನೋಡಿ. ಅದಕ್ಕೆ ಥೈರಾಯ್ಡ್ ಮಾತ್ರೆ ಎದ್ದ ತಕ್ಷಣ ಖಾಲಿ ಹೊಟ್ಟೇಲಿ ಬರೀ ನೀರಲ್ಲಿ, ಅದಾಗಿ ನಾಲ್ಕು ಗಂಟೆ ಬಿಟ್ಟು ಐರನ್, ಅದನ್ನ ನಿಂಬೆ ಪಾನಕದ ಜೊತೆ ತಗೊಂಡ್ರೆ ಒಳ್ಳೇದು, ಕಾಫಿ ಟೀ ಜೊತೆ ಬೇಡ. ಕ್ಯಾಲ್ಸಿಯಂ ರಾತ್ರಿ ಊಟದ ಜೊತೆ ಇಟ್ಕೊಳಿ.

ಇನ್ನೊಂದು, ಆ ಸ್ಟ್ರಿಪ್ ಹಿಂದೆ ತಿರುಗಿಸಿ ಸಣ್ಣ ಅಕ್ಷರದಲ್ಲಿ ಇರೋದನ್ನ ಓದಿ. ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ ಅಂತ ಇದ್ರೆ ಅದರಲ್ಲಿ ನಿಜವಾದ ಕ್ಯಾಲ್ಸಿಯಂ 500 ಮಿ.ಗ್ರಾಂ ಅಷ್ಟೇ. ಒಂದು ಹೊತ್ತಿಗೆ ಅದಕ್ಕಿಂತ ಜಾಸ್ತಿ ನುಂಗಿ ಲಾಭ ಇಲ್ಲ, ಕರುಳು ಹೀರ್ಕೊಳೋ ಪಾಲು ಕಮ್ಮಿ ಆಗ್ತಾ ಹೋಗುತ್ತೆ. ಕಾರ್ಬೊನೇಟ್ ಕರಗೋಕೆ ಹೊಟ್ಟೇಲಿ ಆಸಿಡ್ ಬೇಕು, ಅದಕ್ಕೇ ಊಟದ ಜೊತೆ ಅನ್ನೋದು. ನೀವೇನಾದ್ರೂ ದಿನಾ ಆಸಿಡ್ ತಗ್ಗಿಸೋ ಗ್ಯಾಸ್ ಮಾತ್ರೆ ತಗೊಳೋರಾದ್ರೆ (ಈಗ ಯಾರು ತಗೊಳಲ್ಲ ಹೇಳಿ) ಡಾಕ್ಟ್ರ ಹತ್ರ ಕೇಳಿ ಸಿಟ್ರೇಟ್ ರೂಪದ್ದು ತಗೊಳಿ, ಅದಕ್ಕೆ ಆಸಿಡ್ ಬೇಕಾಗಲ್ಲ.

ಇನ್ನು ಮಂಡಿ ನೋವು. ನಿಮ್ಮ ವಯಸ್ಸಲ್ಲಿ ಅದು ಸಾಮಾನ್ಯವಾಗಿ ಕೀಲಿನ ಒಳಗಿರೋ ಕಾರ್ಟಿಲೇಜ್ ಸವೆದು ಬರೋದು, ಅದಕ್ಕೂ ಕ್ಯಾಲ್ಸಿಯಂಗೂ ನೇರ ಸಂಬಂಧ ಇಲ್ಲ, ಎಷ್ಟು ಮಾತ್ರೆ ತಗೊಂಡ್ರೂ ಅದು ಮತ್ತೆ ಬೆಳೆಯಲ್ಲ. ತೂಕ ಇಳಿಸೋದು, ತೊಡೆ ಸ್ನಾಯುಗೆ ವ್ಯಾಯಾಮ, ಅದೇ ಅದಕ್ಕೆ ಮದ್ದು. ಮೂಳೆ ಟೊಳ್ಳಾಗೋ ಕಾಯಿಲೆ ಇದೆಯಲ್ಲ, ಆಸ್ಟಿಯೋಪೊರೋಸಿಸ್, ಅದು ಮುರಿಯೋವರೆಗೂ ನೋಯೋದೇ ಇಲ್ಲ. ಬಚ್ಚಲಲ್ಲಿ ಜಾರಿ ಕೈ ಊರಿದ್ರೆ ಮಣಿಕಟ್ಟು ಮುರಿಯೋದು, ಬಿಂದಿಗೆ ಎತ್ತಿದ್ರೆ ಬೆನ್ನುಮೂಳೆ ಕುಸಿಯೋದು, ಆಗ್ಲೇ ಗೊತ್ತಾಗೋದು. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿಯುತ್ತೆ, ಮೂಳೆ ಒಡೆಯೋ ಕಣಗಳಿಗೆ ಹಿಡಿತ ತಪ್ಪುತ್ತೆ, ಮೊದಲ ಐದಾರು ವರ್ಷ ನಷ್ಟ ಜೋರು. ಹಾಗಾಗಿ ನಿಮಗೆ ಡೆಕ್ಸಾ ಸ್ಕ್ಯಾನ್ (ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯೋ ಪರೀಕ್ಷೆ) ಬೇಕಾ ಅಂತ ಡಾಕ್ಟ್ರನ್ನ ಕೇಳಿ, ಅಮ್ಮನಿಗೋ ಅಕ್ಕನಿಗೋ ಸೊಂಟ ಮುರಿದಿದ್ರೆ ಅದನ್ನೂ ಹೇಳಿ. ಅದರಲ್ಲಿ ಬರೋ ಟಿ ಸ್ಕೋರ್ (ಆರೋಗ್ಯವಂತ ಯುವ ವಯಸ್ಸಿನವರ ಮೂಳೆಗೆ ಹೋಲಿಸಿದ ಅಂಕಿ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದ್ರೆ ಬರೀ ಕ್ಯಾಲ್ಸಿಯಂ ಸಾಕಾಗಲ್ಲ, ಬೇರೆ ಔಷಧಿನೇ ಬೇಕು. ಕ್ಯಾಂಪ್‌ಗಳಲ್ಲಿ ಹಿಮ್ಮಡಿ ಇಟ್ಟು ನೋಡೋ ಮೆಷಿನ್ ರಿಪೋರ್ಟ್ ನಂಬ್ಕೊಂಡು ಹೆದರೋದೂ ಬೇಡ, ನಿಶ್ಚಿಂತೆ ಆಗೋದೂ ಬೇಡ.

ಪ್ರಶ್ನೆ (ಬೆಂಗಳೂರು): ವಯಸ್ಸು 34, ಐಟಿ ಕೆಲಸ. ರಕ್ತದಲ್ಲಿ ಕ್ಯಾಲ್ಸಿಯಂ 9.4, ನಾರ್ಮಲ್ ಅಂತ ಬಂದಿದೆ, ವಿಟಮಿನ್ ಡಿ ಮಾತ್ರ 11. ಕ್ಯಾಲ್ಸಿಯಂ ಸರಿ ಇದ್ಮೇಲೆ ಡಿ ಕಮ್ಮಿ ಇದ್ರೆ ಏನಂತೆ? ದಿನಾ ಬೆಳಿಗ್ಗೆ 7ಕ್ಕೆ ಬಾಲ್ಕನಿಲಿ ಎಳೆ ಬಿಸಿಲಿಗೆ ಬೇರೆ ನಿಲ್ತೀನಿ.

ಉತ್ತರ: ರಕ್ತದ ಕ್ಯಾಲ್ಸಿಯಂ ನಾರ್ಮಲ್ ಅಂದ್ರೆ ಮೂಳೆ ಚೆನ್ನಾಗಿದೆ ಅಂತಲ್ಲ, ಇದೊಂದು ವಿಷಯ ಎಷ್ಟು ಸಲ ಹೇಳಿದ್ರೂ ಸಾಲಲ್ಲ. ದೇಹದ ಕ್ಯಾಲ್ಸಿಯಂನಲ್ಲಿ 99 ಪರ್ಸೆಂಟ್ ಮೂಳೆ ಹಲ್ಲಲ್ಲೇ ಇರೋದು, ಆದ್ರೆ ಹೃದಯ ಬಡಿಯೋಕೆ, ಸ್ನಾಯು ಎಳೆಯೋಕೆ, ನರ ಸುದ್ದಿ ಮುಟ್ಟಿಸೋಕೆ ಬೇಕಾಗಿರೋದು ರಕ್ತದಲ್ಲಿರೋ ಆ ಚೂರು. ಅದು ಸುಮಾರು 8.5ರಿಂದ 10.5ರ ಒಳಗೇ ಇರ್ಬೇಕು. ಸ್ವಲ್ಪ ಇಳಿದ್ರೂ ಥೈರಾಯ್ಡ್ ಹಿಂದೆ ಇರೋ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿ ಎಚ್ಚೆತ್ಕೊಂಡು ಮೂಳೆಯಿಂದ ಕಿತ್ತು ತಂದು ಸರಿ ಮಾಡುತ್ತೆ. ನಿಮ್ಮ 9.4 ಎಲ್ಲಿಂದ ಬಂತು, ಊಟದಿಂದಾನಾ ಮೂಳೆಯಿಂದಾನಾ, ಅದನ್ನ ಆ ರಿಪೋರ್ಟ್ ಹೇಳಲ್ಲ. ಡಿ ಕಮ್ಮಿ ಇದ್ರೆ ತಿಂದ ಕ್ಯಾಲ್ಸಿಯಂನಲ್ಲಿ ಹತ್ತು ಹದಿನೈದು ಪರ್ಸೆಂಟ್ ಮಾತ್ರ ಒಳಗೆ ಹೋಗೋದು, ಮಿಕ್ಕಿದ್ದು ಹೊರಗೆ.

ಎಳೆ ಬಿಸಿಲಿನ ವಿಷ್ಯ ಕೇಳಿದ್ರೆ ನಿಮಗೆ ಬೇಜಾರಾಗ್ಬಹುದು. ಚರ್ಮದಲ್ಲಿ ಡಿ ತಯಾರಾಗೋಕೆ ಬೇಕಾದ ಯುವಿ-ಬಿ ಕಿರಣ ಬೆಳಿಗ್ಗೆ 7ಕ್ಕೆ ಹೆಚ್ಚುಕಮ್ಮಿ ಇರೋದೇ ಇಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರೋ ಹೊತ್ತಲ್ಲಿ, ಅಂದ್ರೆ ಸುಮಾರು 11ರಿಂದ 2ರ ಒಳಗೆ, ಕೈ ಕಾಲು ಮುಖಕ್ಕೆ ಬೀಳೋ ಹಾಗೆ ಹದಿನೈದಿಪ್ಪತ್ತು ನಿಮಿಷ, ಕಪ್ಪು ಚರ್ಮದವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಗಾಜಿನ ಕಿಟಕಿ ಹಿಂದೆ ಕೂತ್ರೆ ಲೆಕ್ಕಕ್ಕಿಲ್ಲ, ಗಾಜು ಆ ಕಿರಣ ತಡೆಯುತ್ತೆ. 11 ಅಂದ್ರೆ ಕೊರತೆನೇ, ಬಿಸಿಲೊಂದರಿಂದ ಬೇಗ ಏರಲ್ಲ, ಡಾಕ್ಟ್ರು ವಾರಕ್ಕೊಂದು 60,000 ಯೂನಿಟ್ ಸ್ಯಾಚೆ ಬರೆದುಕೊಡ್ತಾರೆ, ಕೆಲವು ವಾರ ಅಷ್ಟೇ. ಅಷ್ಟಕ್ಕೇ ನಿಲ್ಲಿಸ್ಬೇಕು, ಅಂಗಡಿಯಲ್ಲಿ ಸಿಗುತ್ತೆ ಅಂತ ವರ್ಷಗಟ್ಟಲೆ ಕುಡೀತಾ ಇದ್ರೆ ಅದು ದೇಹದಲ್ಲೇ ಕೂತ್ಕೊಂಡು ರಕ್ತದ ಕ್ಯಾಲ್ಸಿಯಂ ಏರಿಸಿ ಕಿಡ್ನಿಗೆ ಕುತ್ತು ತರುತ್ತೆ. ಮೆಗ್ನೀಸಿಯಂ ಬಗ್ಗೆನೂ ಒಂದು ಮಾತು: ಡಿ ಕೆಲಸಕ್ಕೆ ಬರೋ ರೂಪಕ್ಕೆ ತಿರುಗ್ಬೇಕಂದ್ರೆ ಅದೂ ಬೇಕು, ಆದ್ರೆ ಕಾಳು, ಕಡ್ಲೆಕಾಯಿ, ಸಿರಿಧಾನ್ಯ ತಿನ್ನೋರಿಗೆ ಅದರ ಡಬ್ಬಿ ಕೊಳ್ಳೋ ಖರ್ಚು ದಂಡ.

ಪ್ರಶ್ನೆ (ಮುಂಡರಗಿ ತಾಲೂಕು): ಡಾಕ್ಟ್ರ, ನಮ್ಮೂರಾಗ ಮೊದಲಿಂದ ಬೋರಿನ ನೀರs ಕುಡಿತೀವ್ರಿ. ಸಣ್ಣ ಹುಡುಗ್ರ ಹಲ್ಲಿನ ಮ್ಯಾಲೆ ಕಂದು ಪಟ್ಟಿ ಬಿದ್ದಾವು. ನಮ್ಮ ಅಪ್ಪಗ ಬೆನ್ನು ಬಗ್ಗಸಾಕ ಬರವಲ್ದು, ಕುತ್ತಿಗಿ ತಿರುಗವಲ್ದು. ನೀರು ಕಾಸಿ ಕುಡದ್ರ ಸಾಕೇನ್ರಿ? ಕ್ಯಾಲ್ಸಿಯಂ ಗುಳಿಗಿ ಕೊಟ್ರ ಆಕ್ಕೈತೇನ್ರಿ?

ಉತ್ತರ: ಕಾಸಿದ್ರೆ ಇನ್ನೂ ಕೆಟ್ಟದ್ದು ಅಣ್ಣಾ. ನೀರು ಆವಿಯಾಗಿ ಹೋಗುತ್ತೆ, ಅದರಲ್ಲಿ ಕರಗಿರೋ ಫ್ಲೋರೈಡ್ ಅನ್ನೋ ಲವಣ ಪಾತ್ರೇಲೇ ಉಳಿಯುತ್ತೆ. ನೀವು ಬರೆದಿರೋದು ಫ್ಲೋರೋಸಿಸ್ (ಫ್ಲೋರೈಡ್ ಅತಿಯಾಗಿ ಹಲ್ಲು, ಮೂಳೆಗೆ ಬರೋ ಕಾಯಿಲೆ) ಲಕ್ಷಣ ಇದ್ದ ಹಾಗಿದೆ, ನಿಮ್ಮ ಕಡೆ, ಪಾವಗಡ, ಬಾಗೇಪಲ್ಲಿ ಇಲ್ಲೆಲ್ಲಾ ಇದು ಹಳೇ ಗೋಳು. ಆಳದ ಬಂಡೆ ಸಂದಿಯಿಂದ ಬರೋ ನೀರಲ್ಲಿ ಫ್ಲೋರೈಡ್ ಕರಗಿರುತ್ತೆ. ಕುಡಿಯೋ ನೀರಲ್ಲಿ ಲೀಟರಿಗೆ 1 ಮಿ.ಗ್ರಾಂ ಒಳಗಿರ್ಬೇಕು, ಬೇರೆ ನೀರೇ ಇಲ್ಲ ಅಂದ್ರೆ 1.5ರವರೆಗೆ ಅಂತ ನಮ್ಮ ದೇಶದ ಮಾನದಂಡ. ಭಾರತದಲ್ಲಿ ಮೂಳೆ ಫ್ಲೋರೋಸಿಸ್ ಬಗ್ಗೆ ಮೊದಲು ವರದಿಯಾಗಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ, ಅಂದ್ರೆ ಹೊಸ ಕಾಯಿಲೆ ಏನಲ್ಲ.

ಇದರಲ್ಲಿ ವಿಚಿತ್ರ ಏನಂದ್ರೆ ಎಕ್ಸ್‌ರೇ ತೆಗೆದ್ರೆ ಮೂಳೆ ಮಾಮೂಲಿಗಿಂತ ಬಿಳಿಯಾಗಿ, ದಪ್ಪವಾಗಿ ಕಾಣುತ್ತೆ. ಖನಿಜ ಕಮ್ಮಿ ಇಲ್ಲ, ಜಾಸ್ತಿನೇ ಇದೆ. ಆದ್ರೆ ಮೂಳೆಯ ಖನಿಜದ ಹರಳಿನ ಒಳಗೆ ಫ್ಲೋರೈಡ್ ಸೇರ್ಕೊಂಡು ಮೂಳೆ ಸುಣ್ಣದ ಕಡ್ಡಿ ಥರ ಗಡುಸಾಗಿ ಮುರಿಯೋ ಸ್ವಭಾವಕ್ಕೆ ಬರುತ್ತೆ, ಕೀಲಿನ ಸುತ್ತ ಇರೋ ಕಟ್ಟುಗಳೂ ಗಟ್ಟಿಯಾಗ್ತವೆ, ಅಪ್ಪನಿಗೆ ಬೆನ್ನು ಬಗ್ಗಿಸೋಕೆ ಆಗದೇ ಇರೋದು ಅದಕ್ಕೇ ಇರಬಹುದು. ಗುಳಿಗೆಯಿಂದ ಅದು ಹಿಂದಕ್ಕೆ ಹೋಗಲ್ಲ, ಸುಳ್ಳು ಭರವಸೆ ಕೊಡಲ್ಲ. ಜಿಲ್ಲಾಸ್ಪತ್ರೆಲಿ ಮೂಳೆ ಡಾಕ್ಟ್ರಿಗೆ ತೋರಿಸಿ, ಎಕ್ಸ್‌ರೇ, ಮೂತ್ರದ ಫ್ಲೋರೈಡ್ ನೋಡ್ಲಿ, ಯಾಕಂದ್ರೆ ಇದೇ ಥರ ಬೆನ್ನು ಬಿಗಿಯೋ ಬೇರೆ ಕಾಯಿಲೆನೂ ಇವೆ.

ಮಕ್ಕಳ ವಿಷಯ ಮಾತ್ರ ಕೈಯಲ್ಲೇ ಇದೆ. ಊಟದಲ್ಲಿ ಕ್ಯಾಲ್ಸಿಯಂ ಕಮ್ಮಿ ಇರೋ ಮಕ್ಕಳಿಗೆ ಫ್ಲೋರೈಡ್ ಹೆಚ್ಚು ಕಾಡುತ್ತೆ, ಕಾಲು ಸೊಟ್ಟ ಆಗೋದೂ ಉಂಟು. ಹಾಲು, ಮಜ್ಜಿಗೆ, ಸೊಪ್ಪು, ಎಳ್ಳು ತಪ್ಪಿಸ್ಬೇಡಿ. ಕುಡಿಯೋದಕ್ಕಷ್ಟೇ ಅಲ್ಲ, ಬೇಳೆ ಬೇಯಿಸೋಕೆ, ಚಹಾ ಮಾಡೋಕೂ ಒಳ್ಳೆ ನೀರೇ ಬಳಸಿ. ಕಾಯಿನ್ ಹಾಕಿ ಕ್ಯಾನ್ ತುಂಬಿಸೋ ಶುದ್ಧ ನೀರಿನ ಘಟಕ ಊರಲ್ಲಿದ್ರೆ ಅದರ ಮೆಂಬ್ರೇನ್ (ನೀರು ಸೋಸೋ ಪೊರೆ) ಕಡೇ ಸಲ ಯಾವಾಗ ಬದಲಾಯಿಸಿದ್ರಿ, ನೀರು ಟೆಸ್ಟ್ ಮಾಡಿಸಿದ್ರಾ ಅಂತ ಪಂಚಾಯ್ತಿಲಿ ಜೋರಾಗೇ ಕೇಳಿ. ತುಂಬಾ ಕಡೆ ಘಟಕ ನಿಂತಿರುತ್ತೆ, ಬೋರ್ಡ್ ಮಾತ್ರ ಇರುತ್ತೆ. ಮಳೆ ನೀರು ಹಿಡಿದಿಟ್ಕೊಳೋಕೆ ಆದ್ರೆ ಅದರಷ್ಟು ಒಳ್ಳೇದು ಇಲ್ಲ. ಆದ್ರೆ ಹಲ್ಲಿನ ಕಲೆ ಒಂದು ಸಲ ಬಿದ್ರೆ ತಾನಾಗಿ ಹೋಗಲ್ಲ.

ಪ್ರಶ್ನೆ (ಮಂಡ್ಯ): ದಿನಾ ಎರಡು ಹೊತ್ತು ರಾಗಿ ಮುದ್ದೆ. ಇನ್ನು ಕ್ಯಾಲ್ಸಿಯಂ ಕೊರತೆ ಎಲ್ಲಿಂದ ಬರುತ್ತೆ?

ಉತ್ತರ: ಒಳ್ಳೇದೇ ಮಾಡ್ತಾ ಇದೀರ. 100 ಗ್ರಾಂ ರಾಗೀಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ, ಒಂದು ಸಾಧಾರಣ ಮುದ್ದೆಗೆ ಇನ್ನೂರು ಮುಟ್ಟಬಹುದು, ಒಂದು ದೊಡ್ಡ ಲೋಟ ಹಾಲಿಗೆ ಹತ್ರ ಹತ್ರ. ಆದ್ರೆ ರಾಗಿಯಲ್ಲಿರೋ ಫೈಟೇಟ್ ಅನ್ನೋ ಅಂಶ ಅದರಲ್ಲಿ ಒಂದಷ್ಟನ್ನ ಹಿಡಿದಿಟ್ಕೊಳುತ್ತೆ. ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿಸಿದ್ರೆ, ಅಂಬಲಿ ಹುಳಿ ಬರಿಸಿ ಕುಡಿದ್ರೆ ಅದು ಕಮ್ಮಿ ಆಗುತ್ತೆ. ದೊಡ್ಡವರಿಗೆ ದಿನಕ್ಕೆ 1000 ಮಿ.ಗ್ರಾಂ ಬೇಕು, ಮುಟ್ಟು ನಿಂತ ಹೆಂಗಸರಿಗೆ 1200, ಹಾಗಾಗಿ ಮುದ್ದೆ ಮೇಲೆ ಮೊಸರು, ಹುರುಳಿಕಾಳು ಸಾರು, ನುಗ್ಗೆ ಸೊಪ್ಪು ಸೇರ್ಲಿ. ಪಾಲಕ್ ಇದಕ್ಕೆ ಪ್ರಯೋಜನ ಇಲ್ಲ, ಅದರ ಕ್ಯಾಲ್ಸಿಯಮ್ಮನ್ನ ಅದರಲ್ಲೇ ಇರೋ ಆಕ್ಸಲೇಟ್ ಅನ್ನೋ ಅಂಶ ಹಿಡ್ಕೊಂಡು ಬಿಡಲ್ಲ. ಕರಿಬೇವಲ್ಲಿ ಬೇಕಾದಷ್ಟಿದೆ, ಏನ್ ಮಾಡೋದು, ಎಲ್ಲರೂ ತಟ್ಟೆ ಅಂಚಿಗೆ ತಳ್ಳಿಬಿಡ್ತೀವಿ. ಉಪ್ಪು ಉಪ್ಪಿನಕಾಯಿ ಹಿಡಿತದಲ್ಲಿರ್ಲಿ, ಸೋಡಿಯಂ ಮೂತ್ರದಲ್ಲಿ ಹೋಗುವಾಗ ಕ್ಯಾಲ್ಸಿಯಮ್ಮನ್ನೂ ಎಳ್ಕೊಂಡು ಹೋಗುತ್ತೆ.

ಪ್ರಶ್ನೆ (ಶಿರಸಿ): ಊಟ ಆದ್ಮೇಲೆ ಕವಳ (ಎಲೆ, ಅಡಿಕೆ, ಸುಣ್ಣ) ಹಾಕ್ತೇನೆ. ಸುಣ್ಣದಿಂದ ಕ್ಯಾಲ್ಸಿಯಂ ಸಿಗ್ತದೆ ಅಂತ ಅಜ್ಜ ಹೇಳ್ತಿದ್ರು. ಹೌದಾ?

ಉತ್ತರ: ಸುಣ್ಣದಲ್ಲಿ ಕ್ಯಾಲ್ಸಿಯಂ ಇರೋದು ನಿಜ, ಅಜ್ಜ ಸುಳ್ಳು ಹೇಳಿಲ್ಲ. ಆದ್ರೆ ಅದರ ಜೊತೆ ಅಡಿಕೆ ಹೋಗುತ್ತಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನ, ತಂಬಾಕು ಇಲ್ಲದಿದ್ರೂ, ಕ್ಯಾನ್ಸರ್‌ಕಾರಕ ಅಂತ ಪಟ್ಟಿ ಮಾಡಿದೆ. ಅಡಿಕೆ ಬೆಳೆಯೋ ಊರಿಗೆ ಇದನ್ನ ಬರೆಯೋದು ಕಷ್ಟ, ಆದ್ರೂ ಬರೀತೀನಿ. ದಿನಕ್ಕೆ ಹತ್ತಾರು ಸಲ ಸುಣ್ಣ ಬಳಿದು ಹಾಕೋರಲ್ಲಿ ರಕ್ತದ ಕ್ಯಾಲ್ಸಿಯಂ ಅತಿಯಾಗಿ ಕಿಡ್ನಿ ಕೆಟ್ಟಿರೋ ಉದಾಹರಣೆಗಳೂ ಇವೆ.

ಪ್ರಶ್ನೆ (ಮೈಸೂರು): ಬೆರಳು ನೆಟಿಕೆ ತೆಗೆದ್ರೆ ಬರೋ ಶಬ್ದ ಕ್ಯಾಲ್ಸಿಯಂ ಕೊರತೆನಾ?

ಉತ್ತರ: ಅಲ್ಲ. ಕೀಲಿನ ದ್ರವದಲ್ಲಿ ಆಗೋ ಗಾಳಿ ಗುಳ್ಳೆ. ನೋವಿಲ್ಲ, ಊತ ಇಲ್ಲ ಅಂದ್ರೆ ತಲೆ ಕೆಡಿಸ್ಕೊಬೇಡಿ.

ಪ್ರಶ್ನೆ (ಕಲಬುರಗಿ): ಕಿಡ್ನಿ ಸ್ಟೋನ್ ಆಗಿತ್ತು, ಕ್ಯಾಲ್ಸಿಯಂ ಆಕ್ಸಲೇಟ್ ಅಂತ ಬಂತು. ಪರಿಚಯದೋರು ಹಾಲು ಮೊಸರು ಪೂರ್ತಿ ಬಿಡಿ ಅಂದ್ರು, ಬಿಟ್ಟಿದೀನಿ. ಈಗ ಮೂಳೆ ಗತಿ ಏನು?

ಉತ್ತರ: ಇವತ್ತೇ ಮತ್ತೆ ಶುರು ಮಾಡಿ. ಊಟದಲ್ಲಿರೋ ಕ್ಯಾಲ್ಸಿಯಂ ಕರುಳಲ್ಲೇ ಆಕ್ಸಲೇಟನ್ನ ಹಿಡ್ಕೊಂಡು ಮಲದಲ್ಲಿ ಹೊರಗೆ ಹಾಕುತ್ತೆ, ಹಾಲು ಮೊಸರು ಬಿಟ್ರೆ ಆ ಆಕ್ಸಲೇಟ್ ರಕ್ತಕ್ಕೆ ಹೋಗಿ ಕಿಡ್ನಿಗೇ ಬರುತ್ತೆ, ಅಂದ್ರೆ ಕಲ್ಲು ಆಗೋ ಸಾಧ್ಯತೆ ಇನ್ನೂ ಜಾಸ್ತಿ. ಮಾತ್ರೆ ವಿಷಯ ಬೇರೆ, ಖಾಲಿ ಹೊಟ್ಟೇಲಿ ನುಂಗೋ ಕ್ಯಾಲ್ಸಿಯಂ ಮಾತ್ರೆ ನಿಮಗೆ ಆಗಲ್ಲ, ಬೇಕೇ ಬೇಕು ಅಂದ್ರೆ ಡಾಕ್ಟ್ರನ್ನ ಕೇಳಿ ಊಟದ ಜೊತೆ ಮಾತ್ರ. ನಿಮ್ಮ ಕಡೆ ಬಿಸಿಲಿಗೆ ಮೂತ್ರ ತಿಳಿಯಾಗಿ ಹೋಗೋಷ್ಟು ನೀರು ಕುಡೀಬೇಕು, ಉಪ್ಪು ಕಮ್ಮಿ ಮಾಡ್ಬೇಕು, ಪಾಲಕ್ ಬೀಟ್‌ರೂಟ್ ಸ್ವಲ್ಪ ದೂರ ಇಡಿ. ಮಧ್ಯಾಹ್ನ ರೊಟ್ಟಿ ಪಲ್ಯದ ಜೊತೆ ಒಂದು ಬಟ್ಟಲು ಮೊಸರು ಧಾರಾಳವಾಗಿ ತಿನ್ನಿ. ಪದೇ ಪದೇ ಕಲ್ಲು ಆಗ್ತಾ ಇದ್ರೆ ಪ್ಯಾರಾಥೈರಾಯ್ಡ್ ಹಾರ್ಮೋನ್ ಟೆಸ್ಟ್ ಒಂದು ಮಾಡಿಸಿ, ಕೆಲವರಲ್ಲಿ ಆ ಗ್ರಂಥಿನೇ ಅತಿಯಾಗಿ ಕೆಲಸ ಮಾಡಿ ಮೂಳೆ ಕರಗಿಸಿ ಕಲ್ಲು ಮಾಡ್ತಿರುತ್ತೆ, ಅದಕ್ಕೆ ಆಪರೇಷನ್ ಇದೆ.