ದಾವಣಗೆರೆಯ ಹಳೇ ಕೌಂಟರ್-ಸ್ಟ್ರೈಕ್ ಟೀಮುಗಳು

ನಮಸ್ಕಾರ. ದಾವಣಗೆರೆಯ ಸೈಬರ್ ಕೆಫೆಗಳಲ್ಲಿ ಕೌಂಟರ್-ಸ್ಟ್ರೈಕ್ (ಎರಡು ತಂಡಗಳು ಗುಂಡು ಹಾರಿಸಿ ಆಡೋ ಕಂಪ್ಯೂಟರ್ ಆಟ) ಆಡ್ತಿದ್ದ ಮೊದಲ ಟೀಮುಗಳು ಯಾವ ವರ್ಷದವು ಅಂತ ಪತ್ತೆಹಚ್ಚೋದು ಹೇಗೆ ಎಂದು ಕೇಳಿದ್ದೀರಿ. ಇದನ್ನ ಯಾರಾದ್ರೂ ಬರೆದಿಡಲೇಬೇಕಿತ್ತು, ನೀವು ಕೈಹಾಕಿದ್ದು ನಿಜಕ್ಕೂ ಖುಷಿ.

ಇಂಟರ್ನೆಟ್ಟಲ್ಲಿ ಹುಡುಕೋದು ಆಮೇಲೆ ಇಟ್ಕೊಳ್ಳಿ. ಆಗಿನ ಆಟ ಬಹುಪಾಲು ಕೆಫೆಯೊಳಗಿನ ಕಂಪ್ಯೂಟರುಗಳನ್ನಷ್ಟೇ ಜೋಡಿಸಿದ ಲ್ಯಾನ್‌ನಲ್ಲೇ ನಡೀತಿತ್ತು, ಕೆಫೆಯಿಂದಾಚೆ ದಾಖಲೆ ಹೋಗಿದ್ದೇ ಕಮ್ಮಿ. ವಿದ್ಯಾನಗರ, ಪಿ.ಜೆ. ಬಡಾವಣೆ ಕಡೆ ಕೆಫೆ ಇಟ್ಟಿದ್ದವರನ್ನ ಹುಡುಕಿ, ಅಟ್ಟದ ಮೇಲೆ ಹಳೇ ಹಾರ್ಡ್‌ಡಿಸ್ಕ್ ಇದೆಯಾ ಕೇಳಿ. ಆಟದ ಫೋಲ್ಡರಿನಲ್ಲಿ ಸ್ಕ್ರೀನ್‌ಶಾಟ್‌ಗಳು ಮ್ಯಾಪಿನ (ಆಟ ನಡೆಯೋ ಜಾಗದ) ಹೆಸರಲ್ಲೇ ಬಿಎಂಪಿ ಅನ್ನೋ ಚಿತ್ರದ ಫೈಲಾಗಿ ಉಳಿದಿರ್ತವೆ. ಟ್ಯಾಬ್ ಒತ್ತಿ ಸ್ಕೋರ್‌ಬೋರ್ಡ್ ತೆಗೆದ ಒಂದೇ ಒಂದು ಚಿತ್ರ ಸಿಕ್ಕರೂ ಇಡೀ ಟೀಮಿನ ಅಡ್ಡಹೆಸರು ಸಿಕ್ಕಂಗೆ. ದಿನಾಂಕಕ್ಕೆ ‘ಮಾಡಿಫೈಡ್’ ನೋಡಿ, ‘ಕ್ರಿಯೇಟೆಡ್’ ಅಲ್ಲ. ವಿಂಡೋಸಲ್ಲಿ ಫೈಲ್ ಕಾಪಿ ಮಾಡಿದ್ರೆ ಎರಡನೆಯದು ಬದಲಾಗಿಬಿಡುತ್ತೆ.

ಹಳಬರ ಹತ್ರ ಇಸವಿ ಕೇಳಬೇಡಿ, ಯಾರಿಗೂ ನೆನಪಿರಲ್ಲ. ಆಟದಲ್ಲಿ ಗುಂಡು ತಡೆಯೋಕೆ ಕೈಯಲ್ಲಿ ಹಿಡಿಯೋ ಶೀಲ್ಡ್ ಇತ್ತಾ ಅಂತ ಕೇಳಿ. ಅದು ಬಂದದ್ದು ಆಟದ 1.6 ಆವೃತ್ತಿಯಲ್ಲಿ, 2003ರಲ್ಲಿ. ಇತ್ತು ಅಂದ್ರೆ ಅದಕ್ಕೂ ಹಿಂದಿನ ಆಟ ಅಲ್ಲ. ಇರಲಿಲ್ಲ ಅಂದ ಮಾತ್ರಕ್ಕೆ ಹಿಂದಿನದೇ ಅಂತ ಮಾತ್ರ ಬರ್ಕೋಬೇಡಿ, 1.6 ಬಂದಮೇಲೂ 1.5ನ್ನೇ ಉಳಿಸ್ಕೊಂಡ ಕೆಫೆಗಳಿದ್ವು.