ಪೆಸಿಫಿಕ್ ಸಾಗರದ ಉತ್ತರ ಮರಿಯಾನಾದಂಥ ಪುಟ್ಟ ದ್ವೀಪಸಮೂಹಕ್ಕೆ ಅಮೆರಿಕದ ಪೊಲೀಸ್-ನ್ಯಾಯ ಅನುದಾನ ಹೇಗೆ ಲೆಕ್ಕ ಹಾಕುತ್ತಾರೆ?

ಉತ್ತರ ಮರಿಯಾನಾ ಅಮೆರಿಕಕ್ಕೆ ಸೇರಿದ, ಆದರೆ ರಾಜ್ಯವಲ್ಲದ ಪ್ರದೇಶ. ಜನಸಂಖ್ಯೆ ನೋಡಿ ಹಂಚಿದರೆ ಇಂಥ ಜಾಗಕ್ಕೆ ಏನೂ ಸಿಗೋದಿಲ್ಲ ಅಲ್ವಾ ಎಂದು ಅನ್ನಿಸಬಹುದು. ಸರಿಯಾದ ಅನುಮಾನವೇ. ಅದಕ್ಕಾಗಿಯೇ ಕಾನೂನಿನಲ್ಲಿ ಕನಿಷ್ಠ ಪಾಲು ಇಟ್ಟಿದ್ದಾರೆ.

ಇಲ್ಲಿನ ಮುಖ್ಯ ಅನುದಾನದ ಹೆಸರು ಜೆಎಜಿ (ಜಸ್ಟಿಸ್ ಅಸಿಸ್ಟೆನ್ಸ್ ಗ್ರಾಂಟ್, ಅಂದರೆ ನ್ಯಾಯ ನೆರವಿನ ಅನುದಾನ). 1988ರಲ್ಲಿ ಸಾಕ್ಷಿಯೊಬ್ಬರ ಮನೆಗೆ ಕಾವಲಿದ್ದಾಗ ಹತ್ಯೆಯಾದ ನ್ಯೂಯಾರ್ಕ್ ಪೊಲೀಸ್ ಎಡ್ವರ್ಡ್ ಬರ್ನ್ ನೆನಪಿನಲ್ಲಿ ಇದಕ್ಕೆ ಹೆಸರಿಟ್ಟಿದ್ದಾರೆ. ಲೆಕ್ಕದಲ್ಲಿ ಅರ್ಧ ಜನಸಂಖ್ಯೆಗೆ, ಇನ್ನರ್ಧ ಹಿಂಸಾತ್ಮಕ ಅಪರಾಧಗಳಿಗೆ. ಎಷ್ಟೇ ಚಿಕ್ಕ ರಾಜ್ಯವಾದರೂ ಒಟ್ಟು ಹಣದ 0.25% ಖಚಿತ. ಅಮೆರಿಕದ ಇನ್ನೊಂದು ಪೆಸಿಫಿಕ್ ದ್ವೀಪ ಗುವಾಮ್‌ಗೂ ಅಷ್ಟೇ.

ಆದರೆ ಉತ್ತರ ಮರಿಯಾನಾ ಮತ್ತು ಅದರಂತೆಯೇ ಅಮೆರಿಕದ ಪೆಸಿಫಿಕ್ ದ್ವೀಪ ಪ್ರದೇಶವಾದ ಅಮೆರಿಕನ್ ಸಮೋವಾ ಎರಡಕ್ಕೂ ಸೇರಿ ಒಂದೇ ಕನಿಷ್ಠ ಪಾಲು. ಅದರಲ್ಲಿ ಸಮೋವಾಗೆ 67%, ಮರಿಯಾನಾಗೆ 33%. 2020ರ ಜನಗಣತಿಯಲ್ಲಿ ಸಮೋವಾದಲ್ಲಿ 49,710 ಜನ, ಮರಿಯಾನಾದಲ್ಲಿ 47,329. ಜನ ಹೆಚ್ಚುಕಡಿಮೆ ಸಮ, ಹಣ ಮಾತ್ರ ಅರ್ಧ. ಇದು ನನಗೆ ನ್ಯಾಯ ಅನ್ನಿಸುವುದಿಲ್ಲ. ಒಂದು ಅನುಕೂಲವಿದೆ: ರಾಜ್ಯಗಳಲ್ಲಿ 40% ನೇರವಾಗಿ ಸ್ಥಳೀಯ ಆಡಳಿತಗಳಿಗೆ ಹೋಗುತ್ತದೆ, ಮರಿಯಾನಾದಲ್ಲಿ ಪೂರ್ತಿ ಹಣ ದ್ವೀಪ ಸರ್ಕಾರದ ಕೈಗೇ ಬರುತ್ತದೆ. ಮರಿಯಾನಾದ ಮುಖ್ಯ ದ್ವೀಪ ಸೈಪಾನ್‌ನಲ್ಲಿರುವ ಕ್ರಿಮಿನಲ್ ಜಸ್ಟಿಸ್ ಪ್ಲಾನಿಂಗ್ ಏಜೆನ್ಸಿ ಇಂಥ ಅನುದಾನಗಳನ್ನು ನೋಡಿಕೊಳ್ಳುತ್ತದೆ.

ಅಪರಾಧಕ್ಕೆ ಬಲಿಯಾದವರ ನೆರವಿನ ಹಣ ಬೇರೆ. ಅದರಲ್ಲಿ ರಾಜ್ಯಗಳಿಗೆ ಮೂಲ ಮೊತ್ತ 5 ಲಕ್ಷ ಡಾಲರ್, ಮರಿಯಾನಾಗೆ 2 ಲಕ್ಷ.